ಸಾಹೇಬರಿಗೆ ನಿದ್ದೆ ಬರಿಸಿದ ಜೀಪು

ನಮ್ಮ ಸಾಹೇಬರು ಒಂದು ಎಮ್ಮೆಗೆ ಬಹುವಚನ ಹಚ್ಚಿ ಮಾತಾಡಿದ ದಿನ ನಮಗೆಲ್ಲ ಇದು ನಗುವ ವಿಷಯವಲ್ಲ ಎಂದು ಗೊತ್ತಾಯಿತು. ಗೊತ್ತಾಗುವ ಮುಂಚೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು, ಅದು ಬೇರೆ ಮಾತು.

ಆಗ ನಾನು ಶಹಾಪುರದ ಒಂದು ಕಾಲುವೆ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ನಾರಾಯಣಪುರದ ಅಣೆಕಟ್ಟಿನಿಂದ ಕೃಷ್ಣೆಯ ನೀರು ನಮ್ಮ ಕಡೆಯ ಹೊಲಗಳಿಗೆ ಬರತೊಡಗಿದ ಹೊಸತು. ಅಜ್ಜನ ಕಾಲದಿಂದ ಜೋಳ, ತೊಗರಿ ಬಿತ್ತಿದವರೆಲ್ಲ ಒಮ್ಮೆಲೇ ಭತ್ತ ಹಚ್ಚಿದ್ದರು. ಭತ್ತಕ್ಕೆ ನೀರು ಬೇಕು, ನೀರಿಗೆ ಜಗಳ ಬೇಕು, ಜಗಳಕ್ಕೆ ಒಂದು ಆಫೀಸು ಬೇಕಲ್ಲ, ಅದು ನಮ್ಮದು. ಒಂದೊಂದು ಊರಿನ ಹೊಲಗಳಿಗೆ ಪಾಳಿಯ ಪ್ರಕಾರ ನೀರು ಬಿಡಬೇಕು. ತನ್ನ ಪಾಳಿಯ ದಿನ ನೀರು ಬರಲಿಲ್ಲ ಎನ್ನುವವನೂ ಬರುತ್ತಿದ್ದ, ಪಕ್ಕದವನ ಪಾಳಿಯ ದಿನ ಅವನಿಗೆ ಯಾಕೆ ಬಂತು ಎನ್ನುವವನೂ ಬರುತ್ತಿದ್ದ. ಎರಡನೆಯವನ ದನಿಯೇ ದೊಡ್ಡದಿರುತ್ತಿತ್ತು.

ಸಾಹೇಬರು ಮೈಸೂರು ಕಡೆಯವರು. ವಯಸ್ಸು ನಲವತ್ತರ ಆಸುಪಾಸು. ಒಳ್ಳೆಯ ಇಂಜಿನಿಯರ್, ಸಭ್ಯರು. ಅವರ ಕೋಣೆಯ ಕಿಟಕಿ ತಗ್ಗಿನಲ್ಲಿತ್ತು. ಬಾಗಿಲಲ್ಲಿ ಜಾಗ ಸಿಗದ ರೈತರು ಆ ಕಿಟಕಿಯಿಂದಲೇ ತಲೆ ತೂರಿಸಿ ಮಾತಾಡುವುದು ರೂಢಿ. ಒಂದು ಮಧ್ಯಾಹ್ನ ಅಂಗಳದ ಬೇವಿನ ನೆರಳಿಗೆ ಬಂದಿದ್ದ ಯಾರದೋ ಎಮ್ಮೆ ಅದೇ ಕಿಟಕಿಯಲ್ಲಿ ಮುಖವಿಟ್ಟು ಬುಸ್ಸೆಂದು ಉಸಿರು ಬಿಟ್ಟಿತು.

"ನಾಳೆ ಬನ್ನಿ, ನಿಮ್ಮ ಸರದಿ ನಾಳೆ," ಎಂದರು ಸಾಹೇಬರು, ಬರೆಯುತ್ತಿದ್ದ ಕಾಗದದಿಂದ ತಲೆ ಎತ್ತದೆ.

ಎಮ್ಮೆ ಮತ್ತೊಮ್ಮೆ ಬುಸ್ಸೆಂದಿತು.

"ಒಂದು ಸಲ ಹೇಳಿದ್ರೆ ಅರ್ಥ ಆಗಲ್ವೇನ್ರೀ ನಿಮಗೆ? ನೀರು ಎಲ್ಲರಿಗೂ ಕೊಡ್ತೀವಿ. ಈಗ ಹೋಗಿ."

ಬಾಗಿಲಲ್ಲಿ ನಿಂತಿದ್ದ ನಮ್ಮ ಹೆಡ್‌ಕ್ಲರ್ಕ್ ತಡೆಯಲಾರದೆ ಹೇಳಿಯೇಬಿಟ್ಟರು: "ಸಾಹೇಬ್ರ, ನಮ್ಮ ಕಡಿ ಎಮ್ಮಿಗಿ 'ಬನ್ನಿ' ಅಂದ್ರ ತಿಳಿಯಂಗಿಲ್ರಿ. 'ಬರ್ರಿ' ಅನ್ಬೇಕು."

ಇಡೀ ಆಫೀಸು ಗೊಳ್ಳೆಂದು ನಕ್ಕಿತು. ಸಾಹೇಬರು ತಲೆ ಎತ್ತಿದರು. ಎಮ್ಮೆಯ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ನಗಲಿಲ್ಲ, ಸಿಟ್ಟಾಗಲಿಲ್ಲ, ನಾಚಿಕೊಳ್ಳಲೂ ಇಲ್ಲ. "ಹೂಂ," ಎಂದು ಮತ್ತೆ ಕಾಗದಕ್ಕೆ ತಲೆ ತಗ್ಗಿಸಿದರು. ನಮ್ಮ ನಗು ಅರ್ಧಕ್ಕೇ ನಿಂತಿತು. ಒಳ್ಳೆಯ ಮನುಷ್ಯನೊಬ್ಬ ಎಮ್ಮೆಗೂ ಮನುಷ್ಯನಿಗೂ ವ್ಯತ್ಯಾಸ ತಿಳಿಯದಷ್ಟು ದಣಿದಿದ್ದಾನೆ, ತಿಳಿದ ಮೇಲೂ ಅದು ಅವನಿಗೆ ದೊಡ್ಡದೆನಿಸುತ್ತಿಲ್ಲ. ನನಗೆ ಭಯವಾದದ್ದು ಅದಕ್ಕೆ.

ಅವರು ಮೊದಲು ಹಾಗಿರಲಿಲ್ಲ. ಬಂದ ವರ್ಷ ಹೆಂಡತಿಯ ತಂಗಿಯ ಮದುವೆಗೆಂದು ರಜೆ ಹಾಕಿ ಊರಿಗೆ ಹೋಗಿದ್ದರು. ಅವರು ಅತ್ತ ಹೋದದ್ದೇ ತಡ ಇತ್ತ ಒಂದು ಉಪಕಾಲುವೆಯ ಒಡ್ಡು ಒಡೆದು, ಯಾರದೋ ಹೊಲದ ಜೋಳ ಮಲಗಿಬಿಟ್ಟಿತು. ದೊಡ್ಡ ಅನಾಹುತವೇನಲ್ಲ. ಆದರೆ ಮೇಲಿನವರು "ನೀವು ಇಲ್ಲಿದ್ದಿದ್ದರೆ ಹೀಗಾಗುತ್ತಿರಲಿಲ್ಲ" ಎಂದು ಒಂದು ಮಾತು ಅಂದರು. ಆ ಮಾತು ಅವರ ಎದೆಯಲ್ಲಿ ಮುಳ್ಳಿನಂತೆ ಕೂತಿತು. ತಾವು ಕಣ್ಣು ಮುಚ್ಚಿದರೆ ಕಾಲುವೆ ಒಡೆಯುತ್ತದೆ ಎಂದು ಅವತ್ತಿನಿಂದ ನಂಬಿಬಿಟ್ಟರು. ರಜೆ ನಿಂತಿತು, ಭಾನುವಾರ ನಿಂತಿತು, ಊಟ ನಿಂತುಕೊಂಡೇ ಆಗತೊಡಗಿತು. ಅವರ ಕೈಕೆಳಗೆ ಒಬ್ಬ ಕಿರಿಯ ಇಂಜಿನಿಯರ್ ಇದ್ದರು. ಚುರುಕಿನವರು, ಆದರೆ ಸಾಹೇಬರು ಅವರಿಗೆ ಒಂದು ಗೇಟು ಎತ್ತಿಸುವ ಕೆಲಸವನ್ನೂ ಒಪ್ಪಿಸಲಿಲ್ಲ. ಪಾಪ, ಅವರು ದಿನವಿಡೀ ಪೆನ್ಸಿಲ್ ಚೂಪು ಮಾಡುತ್ತ ಕೂರುತ್ತಿದ್ದರು. ನಮ್ಮ ಆಫೀಸಿನಲ್ಲಿದ್ದಷ್ಟು ಚೂಪಾದ ಪೆನ್ಸಿಲ್‌ಗಳು ಇಡೀ ತಾಲೂಕಿನಲ್ಲಿ ಇರಲಿಲ್ಲ.

ಸಂಜೆಯಾದರೂ ಸಾಹೇಬರು ಕುರ್ಚಿ ಬಿಟ್ಟು ಏಳದಿದ್ದರೆ ನಾವು ಹ್ಯಾಗೆ ಏಳುವುದು? ನಾನು ಹತ್ತಿರದ ಗೋಗಿ ಊರಿನಿಂದ ಬಂದು ಹೋಗುತ್ತಿದ್ದವಳು. ಸಂಜೆಯ ಬಸ್ಸು ತಪ್ಪಿ, ಆಮೇಲಿನ ಟೆಂಪೋದಲ್ಲಿ ಕುರಿಗಳ ಜೊತೆ ನಿಂತು ಮನೆಗೆ ಹೋಗುವುದು ಅಭ್ಯಾಸವಾಯಿತು. ಶಾಲೆ ಮಾಸ್ತರರಾಗಿದ್ದ ನನ್ನ ಗಂಡ, "ನೀ ಬಂದಿ ಅಂತ ವಾಸನಿ ಮ್ಯಾಲೆ ಗೊತ್ತಾಗ್ತದ," ಎನ್ನುತ್ತಿದ್ದರು. ಮೊದಮೊದಲು ನಕ್ಕೆ. ಆಮೇಲೆ ಅದೇ ಮಾತಿಗೆ ತಟ್ಟೆ ಕುಕ್ಕಿದೆ. ಹೆಡ್‌ಕ್ಲರ್ಕ್‌ಗೆ ಹೊಟ್ಟೆಯುರಿ. ಅವರ ಮೇಜಿನ ಖಾನೆಯಲ್ಲಿ ಸೋಡಾಪುಡಿಯ ಡಬ್ಬಿ ಇರುತ್ತಿತ್ತು. ಯಾರಾದರೂ ಜೋರಾಗಿ ಮಾತಾಡಿದರೆ ಸಾಕು, ಮೊದಲು ಒಂದು ಚಮಚ ಬಾಯಿಗೆ ಹಾಕಿಕೊಂಡು ಆಮೇಲೆ ಉತ್ತರ ಕೊಡುತ್ತಿದ್ದರು.

ಎಮ್ಮೆಯ ಸುದ್ದಿ ಸಾಹೇಬರ ಹೆಂಡತಿಗೂ ಮುಟ್ಟಿತು. ಆಫೀಸಿನ ಹಿಂದೆಯೇ ಅವರ ಕ್ವಾರ್ಟರ್ಸು. ಮರುದಿನ ನಾನು ನೀರು ಕುಡಿಯಲು ನಲ್ಲಿಯ ಹತ್ತಿರ ಹೋದಾಗ ಕರೆದರು.

"ಅವರು ಮಲಗೋದೇ ಇಲ್ಲಮ್ಮ. ಮಲಗಿದ್ರೂ ಎದ್ದು ಕೂತು 'ಗೇಟು, ಗೇಟು' ಅಂತಾರೆ. ಬಲವಂತ ಮಾಡಿ ಡಾಕ್ಟರ ಹತ್ತಿರ ಕರ್ಕೊಂಡು ಹೋದೆ. ಅವರು ಔಷಧಿ ಏನೂ ಬೇಡ, ರೆಸ್ಟ್ ತಗೊಳ್ಳಿ ಅಂದ್ರು. ಇವರು ಏನು ಕೇಳಿದ್ರು ಗೊತ್ತಾ?"

"ಏನ್ ಕೇಳಿದ್ರೀ?"

"ರೆಸ್ಟ್ ಜೀಪಲ್ಲೇ ತಗೊಳ್ಳಬಹುದಾ ಅಂತ."

ಅವರಿಗೆ ನಗು ಬಂತು, ನಗುತ್ತಲೇ ಕಣ್ಣು ಒರೆಸಿಕೊಂಡರು. "ಏನಾದ್ರೂ ಮಾಡ್ರಮ್ಮ ನೀವೆಲ್ಲ ಸೇರಿ. ನನ್ನ ಮಾತು ಕೇಳಲ್ಲ."

ಈ ಮಾತನ್ನು ನಾನು ಹೆಡ್‌ಕ್ಲರ್ಕ್‌ಗೆ ಹೇಳುವಾಗ ಜೀಪಿನ ಡ್ರೈವರ್ ಅಲ್ಲೇ ಚಹಾ ಕುಡಿಯುತ್ತಿದ್ದರು. ವಯಸ್ಸಾದವರು, ಬಿಳಿ ಗಡ್ಡ, ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಸಾಸರಿನ ಚಹಾ ಸೊರ್ರೆಂದು ಎಳೆದು, "ಅರೆ ಬೇಟಿ, ಜೀಪಿನ್ಯಾಗ ಬೇಕಂದ್ರ ಜೀಪಿನ್ಯಾಗೇ ಕೊಡೋಣಲ್ಲ," ಎಂದರು.

"ಹ್ಯಾಂಗ್ ಚಾಚಾ?"

"ಜೀಪ್ ಕೆಡ್ತದ. ಸಾಬ್ ಎಲ್ಲಿ ಹೋಗ್ತಾರ?"

ಹೆಡ್‌ಕ್ಲರ್ಕ್ ಒಂದು ಚಮಚ ಸೋಡಾ ಬಾಯಿಗೆ ಹಾಕಿಕೊಂಡರು. "ನಾ ಏನೂ ಕೇಳಿಲ್ಲ," ಎಂದರು. ಆಮೇಲೆ ದನಿ ಇಳಿಸಿ, "ಎಲ್ಲಿ ಕೆಡಸ್ತೀ?" ಎಂದರು.

ವಾರಕ್ಕೊಮ್ಮೆ ಸುರಪುರದಲ್ಲಿ ಮೀಟಿಂಗ್ ಇರುತ್ತಿತ್ತು. ಸಾಹೇಬರ ಜೊತೆ ನಾನೂ ಫೈಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಹೋಗುತ್ತಿದ್ದೆ. ದಾರಿಯಲ್ಲಿ ಕಾಲುವೆಗೆ ಅಂಟಿಕೊಂಡಂತೆ ಒಂದು ಪೇರಲ ತೋಟ. ತೋಟದ ಮುದುಕಿ ಚಾಚಾಗೆ ಹಳೆಯ ಪರಿಚಯ. ಆ ವಾರದ ಮೀಟಿಂಗು ಮುಂದಕ್ಕೆ ಹೋಗಿದೆ ಎಂಬ ಸುದ್ದಿ ಬೆಳಿಗ್ಗೆಯೇ ಆಫೀಸಿಗೆ ಬಂದಿತ್ತು. ಅದನ್ನು ಸಾಹೇಬರಿಗೆ ಹೇಳಬೇಕಾಗಿದ್ದ ಹೆಡ್‌ಕ್ಲರ್ಕ್‌ಗೆ ಅವತ್ತು ಏನೋ ಮರೆವು.

ತೋಟದ ಎದುರಿಗೆ ಬರುತ್ತಿದ್ದಂತೆ ಜೀಪು ಕೆಮ್ಮಿತು, ಜಗ್ಗಿತು, ನಿಂತಿತು. ಚಾಚಾ ಬಾನೆಟ್ ಎತ್ತಿ ಅದರೊಳಗೆ ಮುಖ ಮುಚ್ಚಿಕೊಂಡರು. ಹೊರಡುವ ಮುಂಚೆ ಡೀಸೆಲ್ ಪೈಪಿನ ನಟ್ಟನ್ನು ಅವರೇ ಒಂದು ಸುತ್ತು ಸಡಿಲಿಸಿದ್ದು ನನಗೆ ಗೊತ್ತಿತ್ತು. ನಗು ತಡೆಯಲು ಫೈಲಿನ ದಾರ ಕಚ್ಚಿಕೊಂಡೆ.

"ಪೈಪಿನ್ಯಾಗ ಗಾಳಿ ಹೊಕ್ಕದ ಸಾಬ್. ಟೈಮ್ ಹಿಡೀತದ."

"ಎಷ್ಟು ಹೊತ್ತು?"

"ಗಾಳಿ ಮಾತು ಹ್ಯಾಂಗ್ ಹೇಳ್ಲಿ ಸಾಬ್?"

ಸಾಹೇಬರು ಗಡಿಯಾರ ನೋಡಿಕೊಂಡು ರಸ್ತೆಯಲ್ಲಿ ಹಿಂದೆ ಮುಂದೆ ಓಡಾಡಿದರು. ಅಷ್ಟರಲ್ಲಿ ನಮ್ಮ ಗ್ರಹಚಾರಕ್ಕೆ ಸುರಪುರದ ಬಸ್ಸು ಬಂತು. ಸಾಹೇಬರು ಕೈ ಎತ್ತಿ ರಸ್ತೆಯ ನಡುವೆ ನಿಂತರು. ಅವರ ಬೆನ್ನ ಹಿಂದೆ ನಿಂತ ಚಾಚಾ ಎರಡೂ ಕೈ ಜೋಡಿಸಿ, ಹೋಗು ಹೋಗು ಎಂದು ಬಸ್ಸಿನ ಡ್ರೈವರನಿಗೆ ಸನ್ನೆ ಮಾಡಿದರು. ಆ ಮನುಷ್ಯ ಚಾಚಾನ ದೋಸ್ತನೇ ಇರಬೇಕು. ಸಾಹೇಬರ ಪಕ್ಕದಿಂದ ಬಸ್ಸು ತಿರುಗಿಸಿಕೊಂಡು, ಹಲ್ಲು ಕಿಸಿದು, ಕೈ ಬೀಸುತ್ತ ಹೋಗಿಯೇಬಿಟ್ಟ. ಸಾಹೇಬರು ತಲೆಯಿಂದ ಬೂಟಿನವರೆಗೆ ಧೂಳಾದರು.

ತೋಟದ ಮುದುಕಿ ಬೇಲಿಯ ಹತ್ತಿರ ಬಂದು ನಿಂತಿದ್ದಳು. "ಬಾರಪ್ಪಾ, ಮಾರಿ ತೊಳಕೋ. ರೊಟ್ಟಿ ತಿನ್ನು."

"ಬೇಡಮ್ಮ, ಟೈಮಿಲ್ಲ."

"ಟೈಮು ನಿನ್ನ ಗಾಡ್ಯಾಗ ಇತ್ತು. ಗಾಡಿ ಕೆಟ್ಟದ. ಈಗೇನ್ ರಸ್ತಾ ಎಣಸ್ತೀ? ಬಾ."

ಅವಳ ದನಿಯಲ್ಲಿ ವಿನಂತಿಯ ಸುಳಿವೇ ಇರಲಿಲ್ಲ. ನಮ್ಮ ಕಡೆ ಪ್ರೀತಿಯೂ ಬೈಗುಳದ ದನಿಯಲ್ಲೇ ಬರುತ್ತದೆ, ದಕ್ಷಿಣದವರಿಗೆ ಅದು ಅಭ್ಯಾಸವಾಗಲು ಹೊತ್ತು ಹಿಡಿಯುತ್ತದೆ. ಸಾಹೇಬರು ಹೆದರಿದವರಂತೆ ಹೋಗಿ ಮರದ ಕೆಳಗೆ ಕೂತರು. ಮೆತ್ತಗಿನ ಬಿಸಿರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿಯ ಮೇಲೆ ಗಟ್ಟಿ ಮೊಸರು, ಗುದ್ದಿ ಒಡೆದ ಉಳ್ಳಾಗಡ್ಡಿ. ಮೊದಲ ತುತ್ತು ಸುಮ್ಮನೆ ನುಂಗಿದರು. ಎರಡನೆಯ ತುತ್ತಿಗೆ ಅಗಿಯತೊಡಗಿದರು. ಆಮೇಲೆ ಅಂಗಿಯ ತೋಳು ಮಡಚಿದರು. ಕೂತು ಉಣ್ಣುವುದನ್ನು ಅವರು ಮರೆತಿಲ್ಲ ಎಂದು ನಮಗೆ ಖಾತ್ರಿಯಾಯಿತು.

"ಐದು ನಿಮಿಷ," ಎಂದು ಅಲ್ಲೇ ಇದ್ದ ಹಗ್ಗದ ಮಂಚ, ನಮ್ಮ ಕಡೆಯ ಹೊರಸಿನ ಮೇಲೆ ಒರಗಿದರು. ಗೊರಕೆ ಶುರುವಾದಾಗ ಪೇರಲ ಮರದ ಗಿಳಿಗಳು ಎದ್ದು ಹೋದವು. ಮುದುಕಿ ನನ್ನ ಕಡೆ ನೋಡಿ, "ಇವ್ನ ಕರಕೊಂಡು ದಿನಾ ಬರ್ರಿ, ಗಿಳಿ ಹೊಡಿಯೋ ಆಳಿನ ಕೂಲಿ ಉಳೀತದ," ಎಂದಳು.

ಬಿಸಿಲು ಇಳಿದ ಮೇಲೆ ಎಚ್ಚರವಾದವರು ಧಡಕ್ಕನೆ ಎದ್ದು, ಬರಿಗಾಲಲ್ಲಿ ಕಾಲುವೆಯ ಒಡ್ಡಿನ ಮೇಲೆ ಓಡಿದರು. ನಾನೂ ಚಾಚಾನೂ ಹಿಂದೆ ಓಡಿದೆವು. ನೀರು ದಂಡೆ ಮುಟ್ಟಿ ಸಮಾಧಾನದಿಂದ ಹೋಗುತ್ತಿತ್ತು. ಅವರು ಬಗ್ಗಿ ನೀರಿಗೆ ಕೈ ಹಾಕಿ ನೋಡಿದರು.

"ಹರೀತಾ ಇದೆ," ಎಂದರು.

"ಮತ್ತೇನ್?" ಎಂದಳು ಹಿಂದೆ ಬಂದಿದ್ದ ಮುದುಕಿ. "ನೀ ಮಲಗಿದಿ ಅಂತ ಅದೂ ಮಲಗ್ತದೇನು?"

ಮರುದಿನ ಆಫೀಸಿಗೆ ಬಂದ ಸಾಹೇಬರು ನನ್ನ ಟೈಪಿನಲ್ಲಿ ತಪ್ಪು ಹಿಡಿದರು. ಹಿಡಿದು ನಕ್ಕರು. "ಕಾಲುವೆ ಅನ್ನೋ ಕಡೆ ಕಾಲುನೋವು ಅಂತ ಹೊಡೆದಿದ್ದೀರಲ್ಲಮ್ಮ." ಅವರು ತಪ್ಪು ಹಿಡಿದದ್ದಕ್ಕೆ ನಾನು ಅಷ್ಟು ಖುಷಿಪಟ್ಟದ್ದು ನನ್ನ ಇಡೀ ನೌಕರಿಯಲ್ಲಿ ಅದೊಂದೇ ಸಲ.

ಹೀಗಾಗಿ ಮುಂದಿನ ವಾರವೂ ಜೀಪು ಕೆಟ್ಟಿತು, ಈ ಸಲ ಮೀಟಿಂಗು ಮುಗಿಸಿ ಬರುವಾಗ. ಅದರ ಮುಂದಿನ ವಾರವೂ ಕೆಟ್ಟಿತು. ಆ ಜೀಪಿಗೆ ಊರುಗಳ ಗುರುತು ಚೆನ್ನಾಗಿತ್ತು, ಪೇರಲ ತೋಟದ ಎದುರೇ ಕೆಡುತ್ತಿತ್ತು. ಸಾಹೇಬರ ಮುಖಕ್ಕೆ ಬಣ್ಣ ಬಂತು. ಮನೆಯಲ್ಲಿ ರಾತ್ರಿಯೂ ನಿದ್ದೆ ಮಾಡುತ್ತಿದ್ದಾರೆ ಎಂದು ಅವರ ಹೆಂಡತಿ ನನಗೆ ಒಂದು ಡಬ್ಬಿ ಚಕ್ಕುಲಿ ಕೊಟ್ಟರು. ಅದರಲ್ಲಿ ಅರ್ಧ ಚಾಚಾಗೆ ಎಂದಿದ್ದರು. ಚಾಚಾಗೆ ಹಲ್ಲಿಲ್ಲದ್ದರಿಂದ ಅವರ ಪಾಲನ್ನೂ ನಾನೇ ತೀರಿಸಿದೆ.

ಆಮೇಲೆ ಚಾಚಾಗೇ ಅಳುಕು ಹತ್ತಿತು. "ಬೇಟಿ, ಬಹಳ ಆತು. ಇಂಜಿನಿಯರ್ ಮನಷ್ಯಾ, ಸಂಶಯ ಬರ್ತದ. ಈ ವಾರ ಬ್ಯಾಡ," ಎಂದರು. ಆ ವಾರ ಜೀಪು ಸುರಪುರಕ್ಕೆ ಹೋಗಿ ಸುಸೂತ್ರವಾಗಿ ಮರಳುತ್ತಿತ್ತು. ತೋಟ ಹತ್ತಿರ ಬಂದಂತೆ ಸಾಹೇಬರು ಸೀಟಿನಲ್ಲಿ ಮಿಸುಕಾಡತೊಡಗಿದರು.

"ಚಾಚಾ, ಇಂಜಿನ್ ಸದ್ದು ಬೇರೆ ಥರಾ ಇಲ್ವಾ?"

"ಇಲ್ರಿ ಸಾಬ್. ರೇಶ್ಮಿ ಹಂಗ ಓಡಾಕತ್ತದ."

"ಇಲ್ಲ, ಏನೋ ಇದೆ. ನಿಲ್ಲಿಸಿ."

ಜೀಪು ತೋಟದ ಎದುರು ನಿಂತಿತು. ಸಾಹೇಬರು ಇಳಿದರು, ಬಾನೆಟ್ ಎತ್ತಿದರು, ಪ್ಯಾಂಟಿನ ಜೇಬಿನಿಂದ ಒಂದು ಪಾನಾ ತೆಗೆದರು. ನಟ್ಟು ತಿರುವುವ ಆ ಪಾನಾ ಅವರ ಜೇಬಿಗೆ ಯಾವಾಗ ಬಂತೋ. ಡೀಸೆಲ್ ಪೈಪಿನ ಅದೇ ನಟ್ಟನ್ನು ಹುಡುಕಿ ಒಂದು ಸುತ್ತು ಸಡಿಲಿಸಿದರು. ಕೈ ಒರೆಸಿಕೊಂಡು ಗಂಭೀರವಾಗಿ ಹೇಳಿದರು: "ಗಾಳಿ ಹೊಕ್ಕಿದೆ ನೋಡಿ. ಟೈಮ್ ಹಿಡಿಯುತ್ತೆ."

ಚಾಚಾನ ಗಡ್ಡ ನಡುಗಿತು. ನಾನು ಫೈಲಿನಿಂದ ಮುಖ ಮುಚ್ಚಿಕೊಂಡೆ.

"ಯಾವಾಗ ತಿಳೀತು ಸಾಬ್?"

"ಮೊದಲನೇ ದಿನವೇ. ಬಸ್ಸಿನವನು ನನ್ನ ಬಿಟ್ಟು ನಿಮಗೆ ಕೈ ಬೀಸಿಕೊಂಡು ಹೋದ್ನಲ್ಲ," ಎಂದು ಬೇಲಿ ದಾಟಿದರು. ಅರ್ಧ ದಾರಿಯಿಂದ ತಿರುಗಿ ನನ್ನನ್ನು ನೋಡಿದರು. "ನೀವೂ ಬನ್ನಿ. ಪ್ರತಿ ಸಲ ನನ್ನ ಕಾವಲಿಗೇ ಕೂತಿದ್ರಿ. ನೀವು ಕೊನೆಯ ಸಲ ಬಿಸಿ ಊಟ ಮಾಡಿದ್ದು ಯಾವತ್ತು?"

ಲೆಕ್ಕ ಹಾಕಿ ನೋಡಿದೆ. ನೆನಪಾಗಲಿಲ್ಲ. ನಮ್ಮ ಈ ಕಿತಾಪತಿಯೆಲ್ಲ ಸಾಹೇಬರ ಸಲುವಾಗಿ ಎಂದುಕೊಂಡಿದ್ದೆ. ಬಿಸಿರೊಟ್ಟಿಯ ಮುಂದೆ ಕೂತು ಕಣ್ಣೀರು ಹಾಕಿದೆ. ಮುದುಕಿ ಹಿಂಡಿ ಖಾರವಾಯಿತೆಂದು ತಿಳಿದು ಇನ್ನಷ್ಟು ಮೊಸರು ಸುರಿದಳು.

ಮರುದಿನ ಸಾಹೇಬರು ನಮ್ಮನ್ನೆಲ್ಲ ಕೋಣೆಗೆ ಕರೆದರು. "ನೀರಿಗೆ ಪಾಳಿ ಇದೆ. ಇಡೀ ತಾಲೂಕು ಅದಕ್ಕೆ ಒಪ್ಪಿಕೊಂಡಿದೆ. ವಿಶ್ರಾಂತಿಗೂ ಪಾಳಿ ಇರಲಿ. ವಾರಕ್ಕೆ ಒಂದು ಮಧ್ಯಾಹ್ನ ಒಬ್ಬೊಬ್ಬರು ಮನೆಗೆ ಹೋಗಿ. ಉಳಿದವರು ಅವರ ಕೆಲಸ ನೋಡಿಕೊಳ್ಳಿ. ಸಂಜೆ ಹೊತ್ತಾದ ಮೇಲೆ ಯಾರೂ ಕೂರೋದು ಬೇಡ, ನನ್ನೂ ಸೇರಿಸಿ. ಮೊದಲ ಪಾಳಿ ಹೆಡ್‌ಕ್ಲರ್ಕ್‌ದು."

ಹೆಡ್‌ಕ್ಲರ್ಕ್ ಗಾಬರಿಯಾದರು. ಇಡೀ ನೌಕರಿಯಲ್ಲಿ ಅವರು ಹಗಲಿನ ಹೊತ್ತು ತಮ್ಮ ಮನೆಯನ್ನು ನೋಡಿದ್ದು ಕಡಿಮೆ. "ಮನ್ಯಾಗ ಏನ್ ಮಾಡ್ಲಿ ಸರ್ರ?" ಎಂದು ಬೇಡಿಕೊಂಡರು. ಸಾಹೇಬರು ಬಿಡಲಿಲ್ಲ. ಹೆಡ್‌ಕ್ಲರ್ಕ್ ಮನೆಗೆ ಹೊರಟರು. ಒಂದು ತಾಸು ಕಳೆಯುವುದರೊಳಗೆ ಅವರ ಓಣಿಯ ಹೆಣ್ಣುಮಗಳೊಬ್ಬಳು ಏದುಸಿರು ಬಿಡುತ್ತ ಆಫೀಸಿಗೆ ಬಂದಳು.

"ಖರೇ ಏನ್ರಿ? ನಮ್ಮ ಓಣಿ ಕಾಕಾರನ್ನ ನೌಕರಿಯಿಂದ ತಗದಾರಂತ?"

ಆದದ್ದಿಷ್ಟು. ನಡುಮಧ್ಯಾಹ್ನ ಗಂಡ ಮನೆಯ ಬಾಗಿಲಲ್ಲಿ ನಿಂತದ್ದನ್ನು ನೋಡಿ ಅವರ ಹೆಂಡತಿ, ಸಸ್ಪೆಂಡ್ ಆಗಿಯೇ ಬಂದಿದ್ದಾರೆಂದು ತೀರ್ಮಾನಿಸಿ ಎದೆ ಬಡಿದುಕೊಂಡಿದ್ದಾರೆ. "ಮಲಗಾಕ ಬಂದೀನಿ" ಎಂದು ಇವರು ಹೇಳಿದ್ದಾರೆ. ಅದು ಇನ್ನೂ ಕೆಟ್ಟದ್ದಾಯಿತು. ಓಣಿಯ ಹೆಂಗಸರೆಲ್ಲ ಸೇರಿ ಅವರನ್ನು ನಡುವೆ ಕೂರಿಸಿಕೊಂಡು ಸಮಾಧಾನ ಮಾಡುತ್ತಿದ್ದಾರೆ. ಕೊನೆಗೆ ಸಾಹೇಬರೇ ಕಿರಿಯ ಇಂಜಿನಿಯರನ್ನು ಕಳಿಸಿ, ನೌಕರಿ ಭದ್ರವಾಗಿದೆ ಎಂದು ಓಣಿಗೆಲ್ಲ ಹೇಳಿಸಬೇಕಾಯಿತು. ಕಿರಿಯ ಇಂಜಿನಿಯರರನ್ನು ಸಾಹೇಬರು ಒಬ್ಬರನ್ನೇ ಕಳಿಸಿ ಮಾಡಿಸಿದ ಮೊದಲ ಕೆಲಸ ಅದು. ಅಚ್ಚುಕಟ್ಟಾಗಿ ಮಾಡಿ ಬಂದರು.

ನನ್ನ ಪಾಳಿ ಬಂದಾಗ ನಾನು ಗೋಗಿಗೆ ಹೋಗಲಿಲ್ಲ. ಮನೆಗೆ ಹೋದರೆ ಹಿಟ್ಟು ಬೀಸುವ ಕೆಲಸ, ಬಟ್ಟೆ ಒಗೆಯುವ ಕೆಲಸ ನನ್ನ ದಾರಿ ಕಾಯುತ್ತಿರುತ್ತವೆ. ಅದಕ್ಕೆ ಊರಿನ ಟಾಕೀಸಿಗೆ ಹೋಗಿ ಮಧ್ಯಾಹ್ನದ ಆಟಕ್ಕೆ ಹೆಂಗಸರ ಕಡೆ ಕೂತೆ. ಒಬ್ಬಳೇ ಸಿನಿಮಾಕ್ಕೆ ಹೋದದ್ದು ಅದೇ ಮೊದಲು. ಯಾರಾದರೂ ನೋಡಿದರೆ ಎಂದು ಸೆರಗು ತಲೆಯ ಮೇಲೆ ಎಳೆದುಕೊಂಡಿದ್ದೆ. ಪಕ್ಕದ ಸಾಲಿನಲ್ಲಿ ಇನ್ನೊಬ್ಬಳು ಹೆಂಗಸೂ ಸೆರಗು ಎಳೆದುಕೊಂಡು ಕೂತಿದ್ದಳು. ಇಂಟರ್ವಲ್‌ನಲ್ಲಿ ದೀಪ ಹತ್ತಿದಾಗ ನೋಡಿದರೆ ಸಾಹೇಬರ ಹೆಂಡತಿ.

"ಊಟಕ್ಕೆ ಬಂದವರು ಹಾಗೇ ಮಲಗಿಬಿಟ್ಟಿದ್ದಾರೆ. ಗೊರಕೆ ತಡೆಯಕ್ಕಾಗಲಿಲ್ಲ," ಎಂದರು.

ಇಬ್ಬರೂ ಶೇಂಗಾ ಕೊಂಡು ತಿಂದೆವು. ಕತೆಯಲ್ಲಿ ಮುಂದೇನಾಯಿತು ನನಗೆ ಗೊತ್ತಿಲ್ಲ, ಇಂಟರ್ವಲ್ ಆದ ಮೇಲೆ ಅವರ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದೆ. ಅವತ್ತು ಸಂಜೆ ಮನೆಗೆ ಹೋಗಿ ಗಂಡನ ಜೊತೆ ಜಗಳವಿಲ್ಲದೆ ಊಟ ಮಾಡಿದೆ. "ಕುರಿಗೋಳು ಎಲ್ಲಿ ಹೋದ್ವು?" ಎಂದು ಅವರು ಕೇಳಿದರು.

ಸುದ್ದಿ ಮುಚ್ಚಿ ಇಡಲಾಗುವುದಿಲ್ಲ. ಕಾಲುವೆ ಆಫೀಸಿನವರು ಹಗಲೇ ಮಲಗುತ್ತಾರೆ ಎಂದು ಯಾರೋ ಮೇಲಕ್ಕೆ ಮುಟ್ಟಿಸಿದರು. ಮೇಲಿನ ಅಧಿಕಾರಿ ವಿಚಾರಣೆಗೆ ಬಂದರು. "ಏನ್ರೀ ಇದು, ಮಲಗ್ತೀರಂತೆ?" ಎಂದು ಗುಡುಗಿದಾಗ ಸಾಹೇಬರು ಬಾಯಿ ತೆರೆಯುವ ಮುಂಚೆ ಹೆಡ್‌ಕ್ಲರ್ಕ್ ಮುಂದೆ ಬಂದರು. ಜೋರು ದನಿಗೆ ಸೋಡಾಪುಡಿಯಿಲ್ಲದೆ ಅವರು ಉತ್ತರ ಕೊಟ್ಟದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ.

"ಸರ್ರ, ಕಿಟಕ್ಯಾಗ ಸ್ವಲ್ಪ ನೋಡ್ರಿ. ಈ ಊರಿನ ಗುಡ್ಡದ ಮ್ಯಾಲೆ ಬುದ್ಧನೇ ಮಲಗ್ಯಾನ. ಊರಿನ ಗುಣರೀ ಅದು."

ಶಹಾಪುರದ ಗುಡ್ಡಗಳ ಸಾಲು ದೂರದಿಂದ ಅಂಗಾತ ಮಲಗಿದ ಬುದ್ಧನಂತೆ ಕಾಣುವುದು ಸುಳ್ಳಲ್ಲ. ಅಧಿಕಾರಿ ಕಿಟಕಿಯ ಕಡೆ ನೋಡಿದರು, ನಗು ಬಂದದ್ದನ್ನು ಕೆಮ್ಮಿ ಮುಚ್ಚಿಕೊಂಡರು, ಆದರೂ ಮಲಗುವ ಪದ್ಧತಿ ತಕ್ಷಣ ನಿಲ್ಲಬೇಕೆಂದು ಹೇಳಿ ಹೋದರು. ಸಾಹೇಬರು ನಿಲ್ಲಿಸಿದರು. ಅಂದಿನಿಂದ ನಾವು ಯಾರೂ ಮಲಗಲಿಲ್ಲ, ವಾರಕ್ಕೊಂದು ಮಧ್ಯಾಹ್ನ "ಸ್ಥಳ ಪರಿಶೀಲನೆ"ಗೆ ಹೋಗುತ್ತಿದ್ದೆವು. ಹೆಡ್‌ಕ್ಲರ್ಕ್ ತಮ್ಮ ಮನೆಯ ಹೊರಸನ್ನು ಎಷ್ಟು ಶ್ರದ್ಧೆಯಿಂದ ಪರಿಶೀಲಿಸಿದರೆಂದರೆ ಕೆಲವೇ ತಿಂಗಳಲ್ಲಿ ಅವರ ಹೊಟ್ಟೆಯುರಿ ಹೋಯಿತು.

ಕೆಲಸ ಹಿಂದೆ ಬೀಳಲಿಲ್ಲವೇ ಎಂದು ಕೇಳಿದವರಿದ್ದಾರೆ. ನಿಜ ಹೇಳಬೇಕೆಂದರೆ ಕೆಲವು ವಾರ ಬಿತ್ತು. ಆಮೇಲೆ ನಾನು ಒಂದೇ ಪತ್ರವನ್ನು ಮತ್ತೆ ಮತ್ತೆ ಹೊಡೆಯುವುದು ತಪ್ಪಿತು. ಕಿರಿಯ ಇಂಜಿನಿಯರ್ ಹೊಲಗಳಿಗೆ ತಾವೇ ಹೋಗತೊಡಗಿದ್ದರಿಂದ ಕಿಟಕಿಯಲ್ಲಿ ತೂರುವ ತಲೆಗಳು ಕಡಿಮೆಯಾದವು. ಸಾಹೇಬರಂತೂ ರೈತರ ಮುಖ ನೋಡಿ ಮಾತಾಡತೊಡಗಿದರು. ನೀರು ಸಿಗದವನು ಆಗಲೂ ನೀರು ಸಿಗದವನೇ, ಆದರೆ ನಿಂತು ಬೈಯುವ ಬದಲು ಕೂತು ಬೈಯುತ್ತಿದ್ದ.

ಆ ವರ್ಷದ ಮಳೆಗಾಲದಲ್ಲಿ ಮತ್ತೆ ಕಾಲುವೆ ಒಡೆಯಿತು. ಬೆಳಕು ಹರಿಯುವ ಹೊತ್ತಿಗೆ ಗೋಗಿಯ ಕಡೆಯ ಒಂದು ಉಪಕಾಲುವೆಯ ಒಡ್ಡು ಕುಸಿದು, ನೀರು ಭತ್ತದ ಗದ್ದೆಗಳಿಗೆ ನುಗ್ಗುತ್ತಿತ್ತು. ನಮ್ಮ ಊರಿನ ಹತ್ತಿರವೇ ಆದ್ದರಿಂದ ನಾನು ಆಫೀಸಿಗೆ ಹೋಗುವ ಬದಲು ಅಲ್ಲಿಗೇ ಹೋದೆ. ಸಾಹೇಬರು ಆಗಲೇ ಮೊಣಕಾಲುದ್ದ ಕೆಸರಿನಲ್ಲಿದ್ದರು. ಮೇಲಿನ ಗೇಟು ಮುಚ್ಚಿಸಿದ್ದರು, ಊರವರೆಲ್ಲ ಉಸುಕಿನ ಚೀಲ ತುಂಬಿ ಸಾಲಾಗಿ ಕೈಯಿಂದ ಕೈಗೆ ದಾಟಿಸುತ್ತಿದ್ದರು. ನಾನೂ ಸೆರಗು ಬಿಗಿದು ಸಾಲಿನಲ್ಲಿ ನಿಂತೆ. ಹೆಡ್‌ಕ್ಲರ್ಕ್ ಬಂದರು, ಚಾಚಾ ಬಂದರು.

ಮಧ್ಯಾಹ್ನದ ಹೊತ್ತಿಗೆ ಅರ್ಧ ಒಡ್ಡು ಎದ್ದಿತ್ತು. ಸಾಹೇಬರು ಏನೋ ಹೇಳಲು ಹೋಗಿ ಮೇಲಿನ ಗೇಟಿಗೆ ಕೆಳಗಿನ ಗೇಟು ಎಂದರು. ಎರಡನೆಯ ಸಲವೂ ಹಾಗೇ ಆಯಿತು. ಅವರು ನಿಂತರು. ಕೆಸರು ಕೈಗಳನ್ನು ಅಂಗಿಗೆ ಒರೆಸಿಕೊಂಡರು. ಹಿಂದಿನ ಮನುಷ್ಯನಾಗಿದ್ದರೆ ದನಿ ಏರಿಸುತ್ತಿದ್ದರು. ಆದರೆ ಅವರು ಕಿರಿಯ ಇಂಜಿನಿಯರನ್ನು ಕರೆದರು.

"ಈಗ ನೀವು ನೋಡ್ಕೊಳ್ಳಿ. ನನ್ನ ಪಾಳಿ ಮುಗೀತು. ಒಂದು ಗಂಟೆ ಬಿಟ್ಟು ಎಬ್ಬಿಸಿ."

ಕಿರಿಯ ಇಂಜಿನಿಯರರ ಮುಖ ಬಿಳುಚಿಕೊಂಡಿತು. ಆದರೆ "ಆಯ್ತು ಸರ್" ಎಂದರು. ಸಾಹೇಬರು ಹೋಗಿ ಜೀಪಿನ ಹಿಂದಿನ ಸೀಟಿನಲ್ಲಿ ಕೆಸರು ಕಾಲುಗಳನ್ನು ಹೊರಗೆ ಚಾಚಿ ಮಲಗಿದರು. ಗೊರಕೆ ಒಡ್ಡಿನವರೆಗೂ ಕೇಳಿಸಿತು.

ಗದ್ದೆ ಮುಳುಗಿದ್ದ ರೈತನೊಬ್ಬ ಸಲಿಕೆ ಬಿಸಾಡಿದ. "ಕೆನಾಲ್ ಒಡದದ, ನನ್ನ ಬೆಳಿ ಹೋಗಾಕತ್ತದ, ಈ ಸಾಹೇಬ್ ಮಲಗ್ಯಾನ! ಎಬ್ಬಸ್ರಿ ಅವ್ನ!" ಎಂದು ಜೀಪಿನ ಕಡೆ ನುಗ್ಗಿದ. ಚಾಚಾ ಜೀಪಿಗೆ ಅಡ್ಡ ನಿಂತರು.

"ಮಲಗ್ಲಿ ಬೇಟಾ. ಮುಂಜಾನಿಯಿಂದ ನಿನ್ನ ಮುಂದೇ ಚೀಲ ಹೊತ್ತಾರಲ್ಲ. ದಣದ ಮನಷ್ಯಾ ತಪ್ಪು ಗೇಟ್ ಎತ್ತಿಸಿದ್ರ ನಿನ್ನ ಗದ್ದಿ ಜೋಡಿ ಬಾಜೂದವನ ಗದ್ದಿನೂ ಹೋಗ್ತದ."

ರೈತ ಹಲ್ಲು ಕಡಿದ. ನಾನು ಬಿದ್ದ ಸಲಿಕೆ ಎತ್ತಿ ಅವನ ಕೈಗೆ ಕೊಟ್ಟೆ. "ಅಣ್ಣಾ, ಕೆಲಸ ನಿಂತಿಲ್ಲ ನೋಡು," ಎಂದೆ. ನಿಂತಿರಲಿಲ್ಲ. ಕಿರಿಯ ಇಂಜಿನಿಯರ್ ಸೊಂಟದವರೆಗೆ ನೀರಿಗಿಳಿದು ಬೊಂಬುಗಳನ್ನು ಓರೆಯಾಗಿ ಹೊಡೆಸುತ್ತಿದ್ದರು. ಚೀಲಗಳು ಜಾರುವುದು ನಿಂತಿತ್ತು. ರೈತ ಸ್ವಲ್ಪ ಹೊತ್ತು ನೋಡಿ, ಬೈಯುತ್ತಲೇ ಸಾಲಿಗೆ ಮರಳಿದ.

ಸಾಹೇಬರು ಎದ್ದು ಬಂದವರು ಮೇಲಿನ ಗೇಟಿಗೆ ಮೇಲಿನ ಗೇಟು ಎಂದೇ ಅಂದರು. ಹೊಡೆದ ಬೊಂಬುಗಳನ್ನು ನೋಡಿ, "ನಾನಾಗಿದ್ದರೆ ಇಷ್ಟು ಓರೆ ಇಡ್ತಿರಲಿಲ್ಲ. ಇದೇ ಸರಿ ಇದೆ," ಎಂದು ಕಿರಿಯ ಇಂಜಿನಿಯರರ ಬೆನ್ನು ತಟ್ಟಿದರು. ಮುಂಜಾನೆಯಿಂದ ನಿಂತವರನ್ನೆಲ್ಲ ಅವರೇ ಸಾಲಿನಿಂದ ಬಿಡಿಸಿ ಕೂರಿಸಿದರು, ಕೂತಿದ್ದವರನ್ನು ಎಬ್ಬಿಸಿ ನಿಲ್ಲಿಸಿದರು. ಸಂಜೆಯ ಬಿಸಿಲು ಕೆಂಪಾಗುವ ಮುಂಚೆ ಒಡ್ಡು ಕೂಡಿತು. ಆ ರೈತನ ಗದ್ದೆಯ ಒಂದು ಮೂಲೆ ಹೋಯಿತು, ಉಳಿದದ್ದು ಉಳಿಯಿತು.

ಊರಿನ ಹೆಂಗಸರು ಬುಟ್ಟಿಯಲ್ಲಿ ರೊಟ್ಟಿ, ಕೊಡದಲ್ಲಿ ಮಜ್ಜಿಗೆ ತಂದರು. ಎಲ್ಲರೂ ಒಡ್ಡಿನ ಮೇಲೆ ಕೂತು ಉಣ್ಣುತ್ತಿದ್ದಾಗ ನಾನು ಸುತ್ತ ನೋಡಿದೆ. ಸಾಹೇಬರ ಮೇಲೆ ನುಗ್ಗಿದ ಆ ರೈತ ಕಾಣಲಿಲ್ಲ. ಸಿಟ್ಟಿನಿಂದ ಹೋಗಿಬಿಟ್ಟನೇ ಎಂದುಕೊಂಡೆ. ಹೆಡ್‌ಕ್ಲರ್ಕ್ ಕಣ್ಣಿನಿಂದಲೇ ಅತ್ತ ತೋರಿಸಿದರು. ಉಳಿದಿದ್ದ ಉಸುಕಿನ ಚೀಲಗಳ ರಾಶಿಯ ಮೇಲೆ, ಅರ್ಧ ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ, ಬಾಯಿ ತೆರೆದು ಆತ ನಿದ್ದೆ ಹೋಗಿದ್ದ. ಯಾರೋ ಹುರುಪಿನಲ್ಲಿ ಕೂಗಿ ಕರೆಯಲು ಹೋದರು. ಸಾಹೇಬರು ಮಜ್ಜಿಗೆಯ ಲೋಟ ಕೆಳಗಿಟ್ಟು, ಶ್ ಎಂದು ತುಟಿಯ ಮೇಲೆ ಬೆರಳಿಟ್ಟರು. ನಾವು ಉಳಿದವರು ದನಿ ತಗ್ಗಿಸಿಕೊಂಡು ಊಟ ಮುಗಿಸಿದೆವು.